ಪರದೆಯ ಮೇಲಿದ್ದ ಬಣ್ಣ ಪ್ರಿಂಟ್‌ನಲ್ಲಿ ಸಿಗದಿದ್ದಾಗ: ಹೊಸ ಮಾನಿಟರ್ ಕೊಳ್ಳುವ ಮುನ್ನ ಮಾಡಬೇಕಾದ ದೋಷ ಪರೀಕ್ಷೆ

ಧಾರೆಯ ಹೊತ್ತಿನ ಆ ಫೋಟೊದಲ್ಲಿ ವಧುವಿನ ಸೀರೆ ನನ್ನ ಮಾನಿಟರ್ ಮೇಲೆ ದಾಳಿಂಬೆ ಕೆಂಪಾಗಿತ್ತು. ಜರಿಯ ಎಳೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಲ್ಯಾಬಿನಿಂದ ಆಲ್ಬಮ್ ಬಂದಾಗ ಅದೇ ಸೀರೆ ಕಂದು ಬಣ್ಣಕ್ಕೆ ತಿರುಗಿತ್ತು, ಹಿಂದೆ ನಿಂತಿದ್ದ ಸೋದರಮಾವನ ಮುಖ ಮಂಟಪದ ನೆರಳಿನಲ್ಲಿ ಕರಗಿಹೋಗಿತ್ತು. ಲ್ಯಾಬಿನವರೇ ಕೆಡಿಸಿದ್ದಾರೆಂದು ನಂಬಿ ಅದೇ ಫೈಲನ್ನು ಇನ್ನೊಂದು ಲ್ಯಾಬಿಗೆ ಕಳುಹಿಸಿದೆ. ಅಲ್ಲಿಂದ ಬಂದ ಪ್ರಿಂಟೂ ಅಷ್ಟೇ ಕಪ್ಪಾಗಿತ್ತು. ಹಾಗಾದರೆ ದೋಷ ಮಾನಿಟರಿನದೇ ಎಂದು ಹೊಸದನ್ನು ಕೊಳ್ಳಲು ಹೊರಟಿದ್ದೆ. ಅಷ್ಟರಲ್ಲಿ ಗೆಳೆಯರೊಬ್ಬರ ಅಳತೆಯ ಸಾಧನವನ್ನು ಎರವಲು ತಂದು ಪರದೆಗೆ ಹಚ್ಚಿ ನೋಡಿದಾಗ, ಪರದೆಯ ಬಿಳಿ ಸುಮಾರು 300 ನಿಟ್‌ಗಳಷ್ಟು ಬೆಳಗುತ್ತಿರುವುದು ತಿಳಿಯಿತು (ನಿಟ್ ಎಂದರೆ ಹೊಳಪನ್ನು ಅಳೆಯುವ ಮಾನ). ಪ್ರಿಂಟ್‌ಗಾಗಿ ಫೋಟೊ ತಿದ್ದುವವರು ಸಾಮಾನ್ಯವಾಗಿ 80ರಿಂದ 120 ನಿಟ್‌ಗಳ ನಡುವೆ ಕೆಲಸ ಮಾಡುತ್ತಾರೆ. ಹೊಸ ಮಾನಿಟರ್ ತಂದಿದ್ದರೆ ಅದೂ ಕಾರ್ಖಾನೆಯಿಂದ ಬಂದ ಹೊಳಪಿನಲ್ಲೇ ಬೆಳಗುತ್ತಿತ್ತು, ಮುಂದಿನ ಆಲ್ಬಮ್ಮೂ ಕಪ್ಪಾಗಿಯೇ ಬರುತ್ತಿತ್ತು.

ಫೋಟೊ ಎಡಿಟಿಂಗ್‌ಗೆ ಯಾವ ಮಾನಿಟರ್ ಒಳ್ಳೆಯದು ಎಂದು ಕೇಳುವವರಿಗೆ ನಾನು ಈ ಕಾರಣಕ್ಕೇ ಮೊದಲು ಮರುಪ್ರಶ್ನೆ ಹಾಕುತ್ತೇನೆ: ಈಗಿರುವ ಮಾನಿಟರಿನಲ್ಲಿ ತಪ್ಪುತ್ತಿರುವುದು ಯಾವುದು? ಯಾವ ಮಾನಿಟರ್ ಬೇಕು ಎಂಬುದನ್ನು ಆ ಉತ್ತರವೇ ಹೇಳುತ್ತದೆ. ಎಷ್ಟೋ ಸಲ ಹೊಸ ಮಾನಿಟರ್ ಬೇಡವೆಂದೂ ಹೇಳುತ್ತದೆ. ಕೆಳಗಿನ ಪರೀಕ್ಷೆಗಳನ್ನು ಖರ್ಚಿಲ್ಲದವುಗಳಿಂದ ಆರಂಭಿಸಿ ಖರ್ಚಿನ ಕಡೆಗೆ ಜೋಡಿಸಿದ್ದೇನೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಬದಲಿಸಿದ್ದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಫಲ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ.

ಪರೀಕ್ಷೆಗೆ ಬೇಕಾದ ಫೈಲ್

ಫೋಟೊಶಾಪ್, ಗಿಂಪ್ ಅಥವಾ ನಿಮಗೆ ರೂಢಿಯಿರುವ ಯಾವುದೇ ತಂತ್ರಾಂಶದಲ್ಲಿ ಎಸ್‌ಆರ್‌ಜಿಬಿ ಪ್ರೊಫೈಲ್ ಇರುವ ಹೊಸ ಫೈಲೊಂದನ್ನು ತೆರೆಯಿರಿ. ಎಸ್‌ಆರ್‌ಜಿಬಿ ಎಂದರೆ ಫೋನು, ಪರದೆಗಳಲ್ಲಿ ಸಾಮಾನ್ಯವಾಗಿ ಬಳಸುವ ಬಣ್ಣಗಳ ವ್ಯಾಪ್ತಿ, ಪ್ರೊಫೈಲ್‌ನ ವಿವರ ಮುಂದೆ ಬರುತ್ತದೆ. ಇಲ್ಲಿ ಮೌಲ್ಯವೆಂದರೆ 0 (ಅಪ್ಪಟ ಕಪ್ಪು) ಮತ್ತು 255 (ಅಪ್ಪಟ ಬಿಳಿ) ನಡುವಿನ ಸಂಖ್ಯೆ. ಅಪ್ಪಟ ಕಪ್ಪು ಹಿನ್ನೆಲೆಯ ಮೇಲೆ 5, 10, 15, 20 ಮೌಲ್ಯದ ಬೂದು ಚೌಕಗಳನ್ನೂ, ಅಪ್ಪಟ ಬಿಳಿಯ ಮೇಲೆ 235, 240, 245, 250 ಮೌಲ್ಯದ ಚೌಕಗಳನ್ನೂ ಇಡಿ. ಅವುಗಳ ಕೆಳಗೆ ಕಪ್ಪಿನಿಂದ ಬಿಳಿಯವರೆಗೆ ಹರಿಯುವ ಬೂದು ಪಟ್ಟಿಯೊಂದನ್ನೂ, ಕೆಂಪು, ಹಸಿರು, ನೀಲಿ ಮೂರರಲ್ಲೂ 118 ಮೌಲ್ಯವಿರುವ ದೊಡ್ಡ ಬೂದು ಚೌಕವನ್ನೂ ಇಡಿ, ಬೆಳಕಿನ ಶೇ. 18ನ್ನು ಮರಳಿಸುವ ಬೂದು ಬಣ್ಣ ಎಸ್‌ಆರ್‌ಜಿಬಿಯಲ್ಲಿ ಹೆಚ್ಚುಕಡಿಮೆ ಈ ಸಂಖ್ಯೆಯಲ್ಲೇ ಕೂರುತ್ತದೆ. ಕೊನೆಗೆ ನೀವೇ ತೆಗೆದ ಎರಡು ಮೂರು ಫೋಟೊಗಳನ್ನು ಸೇರಿಸಿ. ಕುಂಕುಮ, ಅರಿಶಿನ, ಕನಕಾಂಬರ, ಬಿಳಿ ಪಂಚೆ, ಬಾಳೆ ಎಲೆ, ಬೇರೆ ಬೇರೆ ಮೈಬಣ್ಣದವರ ಮುಖಗಳು ಅವುಗಳಲ್ಲಿದ್ದರೆ ಒಳ್ಳೆಯದು. ನಮ್ಮ ಕಣ್ಣು ದಿನವೂ ನೋಡುವ ಇಂಥ ಬಣ್ಣಗಳಲ್ಲಿ ಸ್ವಲ್ಪ ತಪ್ಪಿದರೂ ಬೇಗ ಹಿಡಿಯುತ್ತದೆ.

ಈ ಫೈಲನ್ನು ಯಾವ ತಿದ್ದುಪಡಿಯೂ ಇಲ್ಲದೆ ಲ್ಯಾಬಿನಲ್ಲಿ ಒಂದು ಪ್ರತಿ ಪ್ರಿಂಟ್ ಮಾಡಿಸಿ. ಲ್ಯಾಬಿನವರು ತಾವಾಗಿ ಬಣ್ಣ ಸರಿಪಡಿಸುವ ರೂಢಿ ಇರುವುದರಿಂದ, ಏನನ್ನೂ ಸರಿಪಡಿಸಬಾರದೆಂದು ಸ್ಪಷ್ಟವಾಗಿ ಹೇಳಿ. ಮುಂದಿನ ಎಲ್ಲ ಪರೀಕ್ಷೆಗಳಿಗೂ ಈ ಪ್ರಿಂಟೇ ಸಾಕ್ಷಿ. ಅದರಲ್ಲಿ ಬೂದು ಬೂದಾಗಿಯೇ ಇದ್ದು, ಮುಖಗಳು ಸಹಜವಾಗಿದ್ದು, ಪರದೆ ಮಾತ್ರ ಬೇರೆಯಾಗಿ ತೋರಿಸುತ್ತಿದ್ದರೆ ದೋಷ ನಿಮ್ಮ ಮೇಜಿನ ಮೇಲಿದೆ. ಬೂದು ಚೌಕವೇ ಹಸಿರಿಗೋ ಕೆಂಪಿಗೋ ಬಾಗಿದ್ದರೆ ಆ ಪ್ರಿಂಟನ್ನು ಹಿಡಿದು ಲ್ಯಾಬಿನವರ ಜೊತೆ ಮಾತನಾಡಬಹುದು. ಸಂಖ್ಯೆ ಗೊತ್ತಿರುವ ಚೌಕ ಎದುರಿಗಿದ್ದಾಗ ಆ ಮಾತು ವಾದವಾಗಿ ಬೆಳೆಯುವುದಿಲ್ಲ.

ಪ್ರಿಂಟನ್ನು ಯಾವ ಬೆಳಕಿನಲ್ಲಿ ನೋಡುತ್ತಿದ್ದೀರಿ

ಈ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನ್ನ ಅನುಭವದಲ್ಲಿ "ಪ್ರಿಂಟ್ ಕಪ್ಪಾಗಿದೆ" ಎಂಬ ದೂರುಗಳಲ್ಲಿ ಬಹಳಷ್ಟು ಇಲ್ಲಿಯೇ ಬಗೆಹರಿಯುತ್ತವೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಅದರ ಮೇಲೆ ಬಿದ್ದದ್ದನ್ನಷ್ಟೇ ಅದು ಮರಳಿಸುತ್ತದೆ. ಬಿದ್ದ ಬೆಳಕಿನ ಶೇ. 90ರಷ್ಟನ್ನು ಮರಳಿಸುವ ಬಿಳಿ ಕಾಗದದ ಮೇಲೆ 500 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕು ಬಿದ್ದರೆ ಅದರ ಹೊಳಪು ಸುಮಾರು 143 ನಿಟ್ ಆಗುತ್ತದೆ. ಸಂಜೆಯ ಹೊತ್ತು 100 ಲಕ್ಸ್ ಬೆಳಕಿರುವ ನಡುಮನೆಯಲ್ಲಿ ಅದೇ ಕಾಗದ 30 ನಿಟ್‌ಗಳನ್ನೂ ಮುಟ್ಟುವುದಿಲ್ಲ. ಪಕ್ಕದಲ್ಲಿ 300 ನಿಟ್‌ನ ಪರದೆ ಬೆಳಗುತ್ತಿದ್ದರೆ ಪ್ರಿಂಟ್ ಅದರ ಹತ್ತನೇ ಒಂದು ಪಾಲಿನ ಹೊಳಪಿನಲ್ಲಿ ನಿಂತಿರುತ್ತದೆ. ಇಂಥ ಹೋಲಿಕೆಯಲ್ಲಿ ಯಾವ ಲ್ಯಾಬಿನ ಪ್ರಿಂಟೂ ಗೆಲ್ಲಲಾರದು.

ಮುದ್ರಣ ಕ್ಷೇತ್ರದ ಐಎಸ್‌ಒ 3664 ಎಂಬ ಮಾನದಂಡ ಪ್ರಿಂಟ್ ನೋಡುವುದಕ್ಕೆ 5000 ಕೆಲ್ವಿನ್ ಸುಮಾರಿನ ಡಿ50 ಎಂಬ ಹಗಲಿನಂಥ ಬೆಳಕನ್ನು (ಕೆಲ್ವಿನ್ ಏರಿದಷ್ಟೂ ಬೆಳಕು ನೀಲಿಯತ್ತ ಬಾಗುತ್ತದೆ) ನಿಗದಿ ಮಾಡಿದ್ದು, ಬಣ್ಣವನ್ನು ಕಟ್ಟುನಿಟ್ಟಾಗಿ ಹೋಲಿಸುವಾಗ 2000 ಲಕ್ಸ್, ಸಾಮಾನ್ಯ ನೋಟಕ್ಕೆ 500 ಲಕ್ಸ್ ಎಂದು ಹೇಳುತ್ತದೆ. ಮನೆಯಲ್ಲಿ ಅಷ್ಟೆಲ್ಲ ವ್ಯವಸ್ಥೆ ಇರಬೇಕಾಗಿಲ್ಲ. ನೇರ ಬಿಸಿಲು ಬೀಳದ ಕಿಟಕಿಯ ಬಳಿ, ಬೆಳಿಗ್ಗೆ ಹತ್ತರ ನಂತರ, ಬಣ್ಣದ ಗೋಡೆಯಿಂದ ಸ್ವಲ್ಪ ದೂರದಲ್ಲಿ ಪ್ರಿಂಟ್ ಹಿಡಿದು ನೋಡಿ. ಅಲ್ಲಿ ಸೋದರಮಾವನ ಮುಖ ಕಾಣಿಸಿಕೊಂಡರೆ ಪ್ರಿಂಟ್ ಕಪ್ಪಾಗಿಲ್ಲ, ಕೋಣೆಯಲ್ಲಿ ಬೆಳಕು ಸಾಲದು ಎಂದು ತಿಳಿಯಬೇಕು.

ಬೆಳಕಿನ ಗುಣದ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮ ಮನೆಗಳಲ್ಲಿ ಬಳಸುವ 6500 ಕೆಲ್ವಿನ್‌ನ ಎಲ್‌ಇಡಿ ಟ್ಯೂಬ್‌ಗಳಲ್ಲಿ ಬಹುತೇಕವು ಬಣ್ಣವನ್ನು ಎಷ್ಟು ಸಹಜವಾಗಿ ತೋರಿಸುತ್ತವೆಂದು ಹೇಳುವ ಸೂಚ್ಯಂಕದಲ್ಲಿ (ಸಿಆರ್‌ಐ, ಗರಿಷ್ಠ 100) 80ರ ಆಸುಪಾಸಿನಲ್ಲಿರುತ್ತವೆ. ಗಾಢ ಕೆಂಪನ್ನು ತೋರಿಸುವುದರಲ್ಲಿ ಅವು ವಿಶೇಷವಾಗಿ ದುರ್ಬಲ. ಧಾರೆ ಸೀರೆಯ ಕೆಂಪು, ಕುಂಕುಮ, ಮೈಬಣ್ಣದ ಬೆಚ್ಚನೆ ಛಾಯೆ ಇವೆಲ್ಲವೂ ಆ ಬೆಳಕಿನಲ್ಲಿ ಮಂಕಾಗುತ್ತವೆ. ಎಡಿಟಿಂಗ್ ಕೋಣೆಗೆ ಸೂಚ್ಯಂಕ 90ಕ್ಕಿಂತ ಮೇಲಿರುವ ದೀಪವೊಂದನ್ನು ತಂದು ಹಾಕುವುದು ಮಾನಿಟರ್ ಬದಲಿಸುವುದಕ್ಕಿಂತ ಎಷ್ಟೋ ಕಡಿಮೆ ಖರ್ಚಿನ ಕೆಲಸ.

ಪರದೆಯ ಹೊಳಪು

ಬೆಳಕು ಸರಿಯಿದ್ದೂ ಪ್ರಿಂಟ್ ಕಪ್ಪಾಗಿ ಕಂಡರೆ ಪರದೆಯ ಹೊಳಪನ್ನು ನೋಡಬೇಕು. ಪರದೆ ಅತಿಯಾಗಿ ಬೆಳಗುತ್ತಿದ್ದರೆ ಫೋಟೊ ಅಗತ್ಯಕ್ಕಿಂತ ತಿಳಿಯಾಗಿ ಕಾಣುತ್ತದೆ, ನಾವು ಅರಿವಿಲ್ಲದೆ ಅದನ್ನು ಗಾಢಗೊಳಿಸುತ್ತಾ ಹೋಗುತ್ತೇವೆ. ಆ ಗಾಢತೆ ಫೈಲಿನ ಸಂಖ್ಯೆಗಳಲ್ಲೇ ಕೂತುಬಿಡುವುದರಿಂದ ಎಲ್ಲಿ ಮುದ್ರಿಸಿದರೂ ಕಪ್ಪಾಗಿಯೇ ಬರುತ್ತದೆ. ಎರಡು ಲ್ಯಾಬಿನ ಪ್ರಿಂಟ್‌ಗಳೂ ಒಂದೇ ರೀತಿ ಕಪ್ಪಾಗಿ ಬರುವುದು ಈ ದೋಷದ ಸ್ಪಷ್ಟ ಲಕ್ಷಣ.

ಪರದೆಯನ್ನು ನಂಬದೆ ಇದನ್ನು ಖಚಿತಪಡಿಸಿಕೊಳ್ಳಲು ಫೋಟೊದಲ್ಲಿ ಯಾವ ಮೌಲ್ಯದ ಬಿಂದುಗಳು ಎಷ್ಟಿವೆ ಎಂದು ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಇಟ್ಟು ತೋರಿಸುವ ಹಿಸ್ಟೊಗ್ರಾಮ್ ಎಂಬ ನಕ್ಷೆ ಸಾಕು, ಏಕೆಂದರೆ ಅದು ಫೈಲಿನ ಸಂಖ್ಯೆಗಳನ್ನಷ್ಟೇ ಎಣಿಸುತ್ತದೆ. ನೀವು ತಿದ್ದಿ ಮುಗಿಸಿದ ಹತ್ತು ಫೋಟೊಗಳ ಹಿಸ್ಟೊಗ್ರಾಮ್‌ಗಳನ್ನು ಸಾಲಾಗಿ ನೋಡಿ. ಹಗಲು ಬೆಳಕಿನ ಫೋಟೊಗಳಲ್ಲೂ ರಾಶಿಯೆಲ್ಲ ಎಡಕ್ಕೆ ಒತ್ತಿಕೊಂಡಿದ್ದರೆ, ಮುಂಭಾಗದಲ್ಲಿ ನಿಂತವರ ಬಿಳಿ ಪಂಚೆಯ ಮೌಲ್ಯ 230ರ ಆಚೀಚೆ ಇರಬೇಕಾದಲ್ಲಿ 170ರಲ್ಲೇ ನಿಂತಿದ್ದರೆ, ಪರದೆ ನಿಮ್ಮನ್ನು ದಾರಿ ತಪ್ಪಿಸಿದೆ. ನನ್ನ ಆಲ್ಬಮ್‌ನ ಫೈಲುಗಳನ್ನು ತೆರೆದು ನೋಡಿದಾಗ ಕಂಡದ್ದು ಇದೇ. ಮೂಲ ಫೋಟೊಗಳು ಸರಿಯಾಗಿಯೇ ಇದ್ದವು. ಕತ್ತಲಾಗಿಸಿದ್ದು ನನ್ನ ತಿದ್ದುಪಡಿ.

ಸಾಧನವಿಲ್ಲದವರು ಹೀಗೆ ಮಾಡಬಹುದು. ಪ್ರಿಂಟ್ ನೋಡುವ ಬೆಳಕಿನಲ್ಲಿ, ಮಾನಿಟರಿನ ಪಕ್ಕದಲ್ಲೇ ಆದರೆ ಪರದೆಯ ಬೆಳಕು ನೇರವಾಗಿ ಬೀಳದಂತೆ, ಬಿಳಿ ಹಾಳೆಯೊಂದನ್ನು ನಿಲ್ಲಿಸಿ. ಪರದೆಯ ಮೇಲೆ ಖಾಲಿ ಬಿಳಿ ಪುಟವನ್ನು ತೆರೆದು, ಎರಡು ಬಿಳಿಗಳೂ ಒಂದೇ ಹೊಳಪಿನವೆಂದು ಕಾಣುವವರೆಗೆ ಮಾನಿಟರಿನ ಗುಂಡಿಯಿಂದಲೇ ಬ್ರೈಟ್‌ನೆಸ್ ಇಳಿಸಿ. ಮೊದಲ ಅರ್ಧ ಗಂಟೆ ಪರದೆ ಮಂಕೆನಿಸುತ್ತದೆ, ಕಣ್ಣು ಒಗ್ಗಿಕೊಳ್ಳುವವರೆಗೆ ಕಾಯಬೇಕು. ಮಾನಿಟರ್ ಕೂಡ ಹಚ್ಚಿದ ಕೂಡಲೇ ಸ್ಥಿರವಾಗುವುದಿಲ್ಲ. ಅರ್ಧ ಗಂಟೆ ಬಿಸಿಯಾದ ಮೇಲೆಯೇ ಹೋಲಿಕೆಗೆ ಕೂರುವುದು ಒಳ್ಳೆಯದು.

ಕಾಂಟ್ರಾಸ್ಟ್ ಗುಂಡಿಯನ್ನು ಮುಟ್ಟಬೇಡಿ ಎಂಬುದು ನನ್ನ ಸಲಹೆ. ಎಲ್‌ಸಿಡಿ ಪರದೆಯಲ್ಲಿ ಬ್ರೈಟ್‌ನೆಸ್ ಹಿಂದಿನ ದೀಪವನ್ನು ಏರಿಳಿಸುತ್ತದೆ, ಅದರಿಂದ ಫೋಟೊದ ಛಾಯೆಗಳಿಗೆ ನಷ್ಟವಿಲ್ಲ. ಕಾಂಟ್ರಾಸ್ಟ್ ಏರಿಸಿದರೆ ತಿಳಿ ಛಾಯೆಗಳು ಒಂದರೊಳಗೊಂದು ಸೇರಿ ಮಾಯವಾಗುತ್ತವೆ. ಪರೀಕ್ಷಾ ಫೈಲಿನ 245 ಮತ್ತು 250ರ ಚೌಕಗಳು ಕಾಣದಿದ್ದರೆ ಯಾರೋ ಅದನ್ನು ಏರಿಸಿರಬಹುದೆಂದು ಮೊದಲು ಅನುಮಾನಿಸಿ.

ತಾನಾಗಿ ಬದಲಾಗುವ ಪರದೆ

ಬೆಳಿಗ್ಗೆ ಸರಿಯೆನಿಸಿದ ಫೋಟೊ ರಾತ್ರಿ ಹಳದಿಯಾಗಿ ಕಂಡರೆ, ಅಥವಾ ಗಾಢ ಫೋಟೊ ತೆರೆದಾಗ ಪರದೆ ತಾನಾಗಿ ಮಂಕಾಗಿ ತಿಳಿ ಫೋಟೊ ಬಂದಾಗ ಬೆಳಗಿದರೆ, ಯಾವುದೋ ಸೌಲಭ್ಯ ನಿಮಗೆ ಹೇಳದೆ ಕೆಲಸ ಮಾಡುತ್ತಿದೆ. ವಿಂಡೋಸ್‌ನ ನೈಟ್ ಲೈಟ್, ಮ್ಯಾಕ್‌ನ ನೈಟ್ ಶಿಫ್ಟ್ ಮತ್ತು ಟ್ರೂ ಟೋನ್, ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಉಳಿಸಲೆಂದು ಗ್ರಾಫಿಕ್ಸ್ ಚಾಲಕ ತಂತ್ರಾಂಶ ಮಾಡುವ ಹೊಳಪಿನ ಏರಿಳಿತ, ಮಾನಿಟರಿನ ಮೆನುವಿನಲ್ಲಿರುವ ಡೈನಮಿಕ್ ಕಾಂಟ್ರಾಸ್ಟ್, ಇಕೊ ಮೋಡ್, ಕೋಣೆಯ ಬೆಳಕು ಗ್ರಹಿಸುವ ಸೆನ್ಸರ್ ಇವೆಲ್ಲವನ್ನೂ ಆಫ್ ಮಾಡಬೇಕು. ವಿಂಡೋಸ್‌ನಲ್ಲಿ ಎಚ್‌ಡಿಆರ್ (ಹೊಳಪಿನ ವ್ಯಾಪ್ತಿ ಹಿಗ್ಗಿಸುವ ಸೌಲಭ್ಯ) ಚಾಲೂ ಇದ್ದರೆ ಸಾಮಾನ್ಯ ಫೋಟೊಗಳು ತೊಳೆದಂತೆ ಪೇಲವವಾಗಿ ಕಾಣುವುದುಂಟು. ಪ್ರಿಂಟ್‌ಗಾಗಿ ಕೆಲಸ ಮಾಡುವಾಗ ಅದಕ್ಕೆ ಸ್ಥಾನವಿಲ್ಲ. ಮಾನಿಟರಿನ ಚಿತ್ರ ವಿಧಾನ 'ವಿವಿಡ್' ಅಥವಾ 'ಗೇಮ್' ಎಂದಿದ್ದರೆ 'ಎಸ್‌ಆರ್‌ಜಿಬಿ' ಅಥವಾ 'ಕಸ್ಟಮ್' ಎಂಬುದಕ್ಕೆ ಬದಲಿಸಿ.

ಕಪ್ಪು ಬೂದಾಗುವುದು, ನೆರಳು ಮುಚ್ಚಿಹೋಗುವುದು

ಈಗ ಪರೀಕ್ಷಾ ಫೈಲಿನ ಗಾಢ ಚೌಕಗಳನ್ನು ನೋಡಿ. ಕೋಣೆಯ ಬೆಳಕು ಹದವಾಗಿದ್ದರೆ 10ರ ಚೌಕ ಕಾಣಲೇಬೇಕು. ಒಳ್ಳೆಯ ಪರದೆಯಲ್ಲಿ 5ರದ್ದೂ ಮಸುಕಾಗಿ ಕಾಣುತ್ತದೆ. 15ರವರೆಗಿನ ಎಲ್ಲವೂ ಒಂದೇ ಕಪ್ಪಾಗಿ, ಬಿಳಿಯ ಬದಿಯಲ್ಲಿ 235ಕ್ಕಿಂತ ಮೇಲಿನ ಎಲ್ಲವೂ ಒಂದೇ ಬಿಳಿಯಾಗಿ ಕಂಡರೆ ಕಾರಣ ಬಹುಮಟ್ಟಿಗೆ ಎಚ್‌ಡಿಎಂಐ ಕೇಬಲ್ ಮೂಲಕ ಸಾಗುವ ಸಂಕೇತದ ಹೊಂದಾಣಿಕೆಯಲ್ಲಿದೆ. ಟಿವಿ ಲೋಕದ ವಿಡಿಯೊ ಸಂಕೇತದಲ್ಲಿ ಕಪ್ಪು 16ರಲ್ಲಿ ಆರಂಭವಾಗಿ ಬಿಳಿ 235ರಲ್ಲಿ ಮುಗಿಯುತ್ತದೆ. ಕಂಪ್ಯೂಟರಿನಲ್ಲಿ ಅದು 0ಯಿಂದ 255ರವರೆಗೆ. ಕಂಪ್ಯೂಟರ್ ಪೂರ್ಣ ವ್ಯಾಪ್ತಿಯನ್ನು ಕಳುಹಿಸಿ ಮಾನಿಟರ್ ಸೀಮಿತ ವ್ಯಾಪ್ತಿಯೆಂದು ತಿಳಿದರೆ ನೆರಳುಗಳೂ ತಿಳಿ ಭಾಗಗಳೂ ಕತ್ತರಿಸಿಹೋಗುತ್ತವೆ. ಇದು ತಿರುಗುಮುರುಗಾದರೆ ಕಪ್ಪು ಬೂದಾಗಿ, ಬಿಳಿ ಮಂಕಾಗಿ, ಇಡೀ ಚಿತ್ರ ಹೊಗೆ ಕವಿದಂತೆ ಕಾಣುತ್ತದೆ. ಗ್ರಾಫಿಕ್ಸ್ ಕಾರ್ಡಿನ ನಿಯಂತ್ರಣ ಫಲಕದಲ್ಲಿ ಬಣ್ಣದ ಮಾದರಿಯನ್ನು ಆರ್‌ಜಿಬಿಗೂ ವ್ಯಾಪ್ತಿಯನ್ನು 'ಫುಲ್' ಎಂಬುದಕ್ಕೂ ಇಟ್ಟು, ಮಾನಿಟರಿನ ಮೆನುವಿನಲ್ಲೂ ಅದೇ ಇದೆಯೇ ನೋಡಿ. ಡಿಸ್‌ಪ್ಲೇಪೋರ್ಟ್ ಕೇಬಲ್ ಇದ್ದರೆ ಒಮ್ಮೆ ಅದನ್ನು ಬಳಸಿ ಹೋಲಿಸಿದರೆ ಅನುಮಾನ ತೀರುತ್ತದೆ.

ಹೊಂದಾಣಿಕೆ ಸರಿಯಿದ್ದೂ ನೇರವಾಗಿ ಕೂತಾಗ ನೆರಳು ಮುಚ್ಚಿಕೊಂಡು, ತಲೆಯನ್ನು ಪಕ್ಕಕ್ಕೆ ಸರಿಸಿದಾಗ ಚೌಕಗಳು ಕಾಣಿಸಿಕೊಂಡರೆ ಅದು ವಿಎ ಎಂಬ ಬಗೆಯ ಪ್ಯಾನೆಲ್‌ಗಳ (ಚಿತ್ರ ಮೂಡಿಸುವ ಫಲಕಗಳ) ಸ್ವಭಾವ. ತಲೆಯನ್ನು ಮೇಲೆ ಕೆಳಗೆ ಮಾಡಿದಾಗ ಚಿತ್ರದ ಹೊಳಪೇ ಬದಲಾದರೆ ಅದು ಟಿಎನ್ ಎಂಬ ಇನ್ನೊಂದು ಬಗೆಯ ಪ್ಯಾನೆಲ್. ಇವೆರಡಕ್ಕೂ ಹೊಂದಾಣಿಕೆಯಲ್ಲಿ ಮದ್ದಿಲ್ಲ. ಮಾನಿಟರ್ ಬದಲಿಸಲು ಸಿಕ್ಕ ಮೊದಲ ನಿಜವಾದ ಕಾರಣವೆಂದು ಪುಸ್ತಕದಲ್ಲಿ ಬರೆದಿಡಿ.

ಪ್ರೊಫೈಲ್‌ಗಳ ಗೊಂದಲ

ಒಂದೇ ಫೋಟೊ ಎರಡು ತಂತ್ರಾಂಶಗಳಲ್ಲಿ ಎರಡು ಬಣ್ಣದಲ್ಲಿ ಕಂಡರೆ ದೋಷ ಗಾಜಿನಲ್ಲಿಲ್ಲ, ಸಂಖ್ಯೆಗಳನ್ನು ಅರ್ಥ ಮಾಡಿಕೊಳ್ಳುವುದರಲ್ಲಿದೆ. ಇದನ್ನು ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ದುಬಾರಿ ಮಾನಿಟರ್ ಕೊಂಡವರೇ ಇಲ್ಲಿ ಹೆಚ್ಚು ಕಷ್ಟಪಡುತ್ತಾರೆ.

ಫೋಟೊದ ಫೈಲಿನಲ್ಲಿರುವುದು ಬಣ್ಣವಲ್ಲ, ಕೆಂಪು, ಹಸಿರು, ನೀಲಿಗಳ ಸಂಖ್ಯೆಗಳು. ಕೆಂಪು 200 ಎಂದರೆ ಯಾವ ಕೆಂಪಿನ 200 ಎಂದು ಹೇಳುವುದು ಪ್ರೊಫೈಲ್. ಈ ಪ್ರೊಫೈಲ್‌ಗಳ ಸ್ವರೂಪವನ್ನು ಎಲ್ಲರಿಗೂ ಒಂದೇ ಆಗಿಸಲು 1993ರಲ್ಲಿ ಐಸಿಸಿ ಎಂಬ ಒಕ್ಕೂಟ ಹುಟ್ಟಿಕೊಂಡಿತು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೊಸಾಫ್ಟ್ ಸೇರಿ ಪ್ರಸ್ತಾಪಿಸಿದ ಎಸ್‌ಆರ್‌ಜಿಬಿ 1999ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯಿತು. ಅಡೋಬಿ ಆರ್‌ಜಿಬಿ ಎಂಬ ಇನ್ನೊಂದು ಬಣ್ಣಗಳ ವ್ಯಾಪ್ತಿ ಅದಕ್ಕಿಂತ ಅಗಲ, ಮುಖ್ಯವಾಗಿ ಹಸಿರು ಮತ್ತು ಹಸಿರುನೀಲಿಯ ಕಡೆಗೆ. ಫೈಲಿಗೆ ಒಂದು ಪ್ರೊಫೈಲ್ ಇರುವಂತೆ ಮಾನಿಟರಿಗೂ ಒಂದು ಇರಬೇಕು. ಬಣ್ಣ ನಿರ್ವಹಣೆ ಬಲ್ಲ ತಂತ್ರಾಂಶ ಇವೆರಡನ್ನೂ ಓದಿ ಸಂಖ್ಯೆಗಳನ್ನು ಅನುವಾದಿಸುತ್ತದೆ, ಅದನ್ನು ಅರಿಯದ ತಂತ್ರಾಂಶ ಸಂಖ್ಯೆಗಳನ್ನು ಹಾಗೆಯೇ ಪರದೆಗೆ ಸುರಿಯುತ್ತದೆ.

ಇದರಿಂದ ಹುಟ್ಟುವ ದೋಷಗಳಲ್ಲಿ ಮೂರು ಸಾಮಾನ್ಯ. ಅಡೋಬಿ ಆರ್‌ಜಿಬಿಯಲ್ಲಿ ಉಳಿಸಿದ ಫೈಲನ್ನು ಲ್ಯಾಬಿನ ಯಂತ್ರ ಎಸ್‌ಆರ್‌ಜಿಬಿ ಎಂದೇ ತಿಳಿದು ಮುದ್ರಿಸಿದರೆ ಬಾಳೆ ಎಲೆಯ ಹಸಿರು ಒಣಗಿದಂತೆ, ಮುಖಗಳು ರಕ್ತವಿಲ್ಲದಂತೆ ಬರುತ್ತವೆ. ಲ್ಯಾಬ್ ಬೇರೆ ಹೇಳದ ಹೊರತು ಕಳುಹಿಸುವ ಮುನ್ನ ಎಸ್‌ಆರ್‌ಜಿಬಿಗೆ ಪರಿವರ್ತಿಸಬೇಕು. ಅದನ್ನು ಮಾಡುವುದು 'ಕನ್ವರ್ಟ್ ಟು ಪ್ರೊಫೈಲ್' ಆಜ್ಞೆ. ಅದರ ಪಕ್ಕದಲ್ಲೇ ಇರುವ 'ಅಸೈನ್ ಪ್ರೊಫೈಲ್' ಸಂಖ್ಯೆಗಳನ್ನು ಮುಟ್ಟದೆ ಹೆಸರಿನ ಚೀಟಿಯನ್ನಷ್ಟೇ ಬದಲಿಸುತ್ತದೆ, ಬಣ್ಣ ಕೆಡುತ್ತದೆ. ಈ ಎರಡು ಆಜ್ಞೆಗಳ ವ್ಯತ್ಯಾಸ ತಿಳಿಯದೆ ಇಡೀ ಮದುವೆಯ ಫೋಟೊಗಳನ್ನು ಕೆಡಿಸಿಕೊಂಡವರನ್ನು ನಾನು ಕಂಡಿದ್ದೇನೆ, ಆದ್ದರಿಂದ ಮೂಲ ಫೈಲಿನ ಪ್ರತಿಯ ಮೇಲೆಯೇ ಪ್ರಯೋಗ ಮಾಡಿ ಎಂದು ಒತ್ತಿ ಹೇಳುತ್ತೇನೆ.

ಎರಡನೆಯದು ಅಗಲ ವರ್ಣವ್ಯಾಪ್ತಿಯ (ಹೆಚ್ಚು ಬಣ್ಣಗಳನ್ನು ತೋರಿಸಬಲ್ಲ) ಹೊಸ ಮಾನಿಟರ್ ತಂದವರ ದೂರು: "ಎಲ್ಲರ ಮುಖವೂ ಕೆಂಪಗೆ ಉರಿಯುತ್ತಿದೆ." ಆ ಮಾನಿಟರಿನ ಕೆಂಪು ಎಸ್‌ಆರ್‌ಜಿಬಿಯ ಕೆಂಪಿಗಿಂತ ಗಾಢವಾಗಿರುವುದರಿಂದ, ಅನುವಾದ ಮಾಡದ ತಂತ್ರಾಂಶದಲ್ಲಿ ಪ್ರತಿ ಫೋಟೊವೂ ಹಾಗೆಯೇ ಕಾಣುತ್ತದೆ. ಅದನ್ನು ನೋಡಿ ಕೆಂಪನ್ನು ಇಳಿಸಿ ಕಳುಹಿಸಿದರೆ ಗಿರಾಕಿಯ ಫೋನಿನಲ್ಲಿ ಮುಖಗಳು ಪೇಲವವಾಗುತ್ತವೆ. ಬಣ್ಣ ನಿರ್ವಹಣೆಯುಳ್ಳ ತಂತ್ರಾಂಶದಲ್ಲಿಯೇ ತಿದ್ದುವುದು, ಇಲ್ಲವೇ ಮಾನಿಟರನ್ನು ಅದರ ಎಸ್‌ಆರ್‌ಜಿಬಿ ವಿಧಾನಕ್ಕೆ ಇಳಿಸಿ ಅದಕ್ಕೆ ತಕ್ಕ ಪ್ರೊಫೈಲ್ ಕೊಡುವುದು, ಇವೆರಡೇ ದಾರಿ.

ಮೂರನೆಯದು ಕೆಟ್ಟ ಪ್ರೊಫೈಲ್. ಮಾನಿಟರ್ ತಯಾರಕರ ಚಾಲಕ ತಂತ್ರಾಂಶದ ಜೊತೆ ಬಂದ ಪ್ರೊಫೈಲ್ ದೋಷಪೂರ್ಣವಾಗಿದ್ದರೆ ಫೋಟೊ ತೋರಿಸುವ ತಂತ್ರಾಂಶದಲ್ಲಿ ಮಾತ್ರ ಬಿಳಿಯೆಲ್ಲ ಹಳದಿಯಾಗಿ, ಡೆಸ್ಕ್‌ಟಾಪ್ ಸರಿಯಾಗಿ ಕಾಣುತ್ತದೆ. ವಿಂಡೋಸ್‌ನ ಕಲರ್ ಮ್ಯಾನೇಜ್‌ಮೆಂಟ್ ತೆರೆದು, ಆ ಮಾನಿಟರಿಗೆ ಎಸ್‌ಆರ್‌ಜಿಬಿ ಪ್ರೊಫೈಲನ್ನು ತಾತ್ಕಾಲಿಕವಾಗಿ ಪೂರ್ವನಿಯೋಜಿತವೆಂದು ಇಟ್ಟು, ತಂತ್ರಾಂಶವನ್ನು ಮುಚ್ಚಿ ತೆರೆದು ನೋಡಿ. ಹಳದಿ ಹೋದರೆ ಕಾರಣ ಸಿಕ್ಕಿತು.

ಕ್ಯಾಲಿಬ್ರೇಷನ್ ಸಾಧನ

ಇಷ್ಟರವರೆಗಿನದನ್ನು ಕಣ್ಣಿನಿಂದಲೇ ಮಾಡಬಹುದು, ಇಲ್ಲಿಂದ ಮುಂದೆ ಕಣ್ಣು ಸಾಲದು. ನಮ್ಮ ಕಣ್ಣು ಬಿಳಿಗೆ ಒಗ್ಗಿಕೊಳ್ಳುವ ಗುಣವುಳ್ಳದ್ದು. ನೀಲಿಗೆ ಬಾಗಿದ ಪರದೆಯ ಎದುರು ಹತ್ತು ನಿಮಿಷ ಕೂತರೆ ಅದೇ ಬಿಳಿಯೆಂದು ಒಪ್ಪಿಕೊಳ್ಳುತ್ತದೆ. ಪರದೆಗೆ ತಗುಲಿಹಾಕುವ ಅಳತೆಯ ಸಾಧನ, ಉದಾಹರಣೆಗೆ ಡೇಟಾಕಲರ್‌ನ ಸ್ಪೈಡರ್ ಅಥವಾ ಕ್ಯಾಲಿಬ್ರೈಟ್‌ನ ಸಾಧನಗಳು, ಪರದೆಯ ಬಿಳಿ, ಗಾಮಾ (ಕಪ್ಪಿನಿಂದ ಬಿಳಿಗೆ ಹೊಳಪು ಏರುವ ಬಗೆ), ಪ್ರಾಥಮಿಕ ಬಣ್ಣಗಳನ್ನು ಅಳೆದು ನಿಮ್ಮ ಮಾನಿಟರಿಗೇ ಆದ ಪ್ರೊಫೈಲ್ ತಯಾರಿಸುತ್ತವೆ. ಹೀಗೆ ಅಳೆದು ಹೊಂದಿಸುವುದೇ ಕ್ಯಾಲಿಬ್ರೇಷನ್. ಬಿಳಿಗೆ ಡಿ65 (6500 ಕೆಲ್ವಿನ್ ಸುಮಾರಿನ ಬಿಳಿ), ಗಾಮಾಗೆ 2.2, ಹೊಳಪಿಗೆ 100ರಿಂದ 120 ನಿಟ್ ಎಂದು ಗುರಿ ಇಟ್ಟು ಆರಂಭಿಸಿ. ಪ್ರಿಂಟ್‌ನೊಂದಿಗೆ ಹೋಲಿಸಿದ ಮೇಲೆ ಹೊಳಪನ್ನು ಸ್ವಲ್ಪ ಹೊಂದಿಸಿಕೊಳ್ಳಬಹುದು. ಡಿಸ್‌ಪ್ಲೇಕ್ಯಾಲ್ ಎಂಬ ಮುಕ್ತ ತಂತ್ರಾಂಶವೂ ಹಲವು ಸಾಧನಗಳೊಂದಿಗೆ ಕೆಲಸ ಮಾಡುತ್ತದೆ. ನಾಲ್ಕೈದು ಮಂದಿ ಫೋಟೊಗ್ರಾಫರ್‌ಗಳು ಸೇರಿ ಒಂದು ಸಾಧನ ಕೊಂಡು ತಿಂಗಳಿಗೊಮ್ಮೆ ಸರದಿಯಲ್ಲಿ ಬಳಸಿದರೆ ಹೊರೆಯಾಗುವುದಿಲ್ಲ.

ಅಳತೆಯ ಕೊನೆಯಲ್ಲಿ ಬರುವ ವರದಿಯೇ ಮಾನಿಟರ್ ಉಳಿಯಬೇಕೋ ಹೋಗಬೇಕೋ ಎಂಬುದನ್ನು ಹೇಳುತ್ತದೆ. ವರ್ಣವ್ಯಾಪ್ತಿ ಎಸ್‌ಆರ್‌ಜಿಬಿಯ ಶೇ. 60–65ರಲ್ಲೇ ನಿಂತಿದ್ದರೆ ಯಾವ ಕ್ಯಾಲಿಬ್ರೇಷನ್ನೂ ಇಲ್ಲದ ಬಣ್ಣವನ್ನು ತಂದುಕೊಡಲಾರದು. ಅಗ್ಗದ ಲ್ಯಾಪ್‌ಟಾಪ್‌ಗಳ ವಿವರಪಟ್ಟಿಯಲ್ಲಿ 'ಶೇ. 45 ಎನ್‌ಟಿಎಸ್‌ಸಿ' ಎಂದು ಬರೆದಿರುವುದು ಹೆಚ್ಚುಕಡಿಮೆ ಇದನ್ನೇ (ಎನ್‌ಟಿಎಸ್‌ಸಿ ಹಳೆಯ ಟಿವಿಗಳ ಬಣ್ಣಗಳ ವ್ಯಾಪ್ತಿ). ಅದರಲ್ಲಿ ಕನಕಾಂಬರವೂ ಚೆಂಡುಹೂವೂ ಒಂದೇ ಬಣ್ಣವಾಗಿ ಕಾಣುತ್ತವೆ. ಪರದೆಯ ನಡುವೆ 110 ನಿಟ್ ಇದ್ದು ಒಂದು ಮೂಲೆಯಲ್ಲಿ 80 ಇದ್ದರೆ, ಒಂದೇ ಮುಖವನ್ನು ಎಡಕ್ಕೂ ಬಲಕ್ಕೂ ಸರಿಸಿದಾಗ ಎರಡು ಮೈಬಣ್ಣ ಕಾಣುತ್ತದೆ. ಬೂದು ಪಟ್ಟಿಯಲ್ಲಿ ಗುಲಾಬಿ, ಹಸಿರು ಗೆರೆಗಳು ಪ್ರೊಫೈಲ್ ತೆಗೆದುಹಾಕಿದ ಮೇಲೂ ಉಳಿದರೆ ಪ್ಯಾನೆಲ್ ದುರ್ಬಲವಾಗಿದೆ.

ದೋಷಕ್ಕೆ ತಕ್ಕ ಮಾನಿಟರ್

ಪುಸ್ತಕದಲ್ಲಿ ಬರೆದಿಟ್ಟ ಕಾರಣಗಳನ್ನು ಈಗ ಓದಿಕೊಳ್ಳಿ. ನೋಡುವ ಕೋನದ್ದೇ ತೊಂದರೆಯಾಗಿದ್ದರೆ ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಐಪಿಎಸ್ ಎಂಬ ಬಗೆಯ ಪ್ಯಾನೆಲ್ ತೆಗೆದುಕೊಳ್ಳಿ. ವರ್ಣವ್ಯಾಪ್ತಿಯ ಕೊರತೆಯಾಗಿದ್ದರೆ ಎಸ್‌ಆರ್‌ಜಿಬಿಯನ್ನು ಶೇ. 99ಕ್ಕಿಂತ ಹೆಚ್ಚು ಆವರಿಸುವ ಮಾನಿಟರ್ ಬೇಕು. ಇಲ್ಲಿ 'ಆವರಿಸುವ' ಎಂಬ ಪದ ಮುಖ್ಯ: 'ಶೇ. 125 ಎಸ್‌ಆರ್‌ಜಿಬಿ' ಎಂದು ಜಾಹೀರಾತಿನಲ್ಲಿದ್ದರೆ ಅದು ಒಟ್ಟು ವಿಸ್ತಾರದ ಲೆಕ್ಕ. ಒಂದು ಕಡೆ ಹೊರಗೆ ಚಾಚಿಕೊಂಡು ಇನ್ನೊಂದು ಕಡೆ ಒಳಗೆ ಕುಗ್ಗಿದ್ದರೂ ಆ ಸಂಖ್ಯೆ ಬರಬಹುದು. ಆಲ್ಬಮ್‌ಗಳನ್ನು ಲ್ಯಾಬಿನಲ್ಲಿ ಮಾಡಿಸಿ, ಉಳಿದವನ್ನು ಫೋನಿಗೆ ಕಳುಹಿಸುವವರಿಗೆ ಎಸ್‌ಆರ್‌ಜಿಬಿ ಸಾಕು ಎಂಬುದು ನನ್ನ ದೃಢ ಅಭಿಪ್ರಾಯ. ಪಿಗ್ಮೆಂಟ್ ಶಾಯಿಯ ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ತಾವೇ ಪ್ರದರ್ಶನಕ್ಕೆ ಮುದ್ರಿಸುವವರು, ಪಶ್ಚಿಮ ಘಟ್ಟದ ಮಳೆಗಾಲದ ಹಸಿರನ್ನು ಕಾಗದಕ್ಕೆ ಇಳಿಸಬೇಕೆನ್ನುವವರು ಮಾತ್ರ ಅಡೋಬಿ ಆರ್‌ಜಿಬಿಯನ್ನು ಹೆಚ್ಚುಪಾಲು ಆವರಿಸುವ ಮಾನಿಟರಿಗೆ ಹಣ ಹಾಕಲಿ.

ಗಾತ್ರದ ವಿಷಯದಲ್ಲಿ 27 ಇಂಚಿಗೆ 2560×1440 ಬಿಂದುಗಳಿದ್ದರೆ ಇಂಚಿಗೆ ಸುಮಾರು 109 ಬಿಂದು ಸಿಗುತ್ತದೆ, ಅದು ಹೆಚ್ಚಿನವರಿಗೆ ಹಿತ. ಅದೇ ಗಾತ್ರದಲ್ಲಿ 3840×2160 ಇದ್ದರೆ 163 ಬಿಂದುಗಳಾಗಿ ಫೋಟೊ ಪ್ರಿಂಟ್‌ನಷ್ಟೇ ನಯವಾಗಿ ಕಾಣುತ್ತದೆ, ಆದರೆ ಶಾರ್ಪನಿಂಗ್ ಎಷ್ಟಾಯಿತೆಂದು ಅಂದಾಜಿಸುವುದು ಆರಂಭದಲ್ಲಿ ಕಷ್ಟವಾಗಿ ಹೆಚ್ಚು ಮಾಡಿಬಿಡುವ ಅಪಾಯವಿದೆ. 8 ಬಿಟ್ ಪ್ಯಾನೆಲ್ 1.67 ಕೋಟಿ ಬಣ್ಣಗಳನ್ನೂ 10 ಬಿಟ್ ಪ್ಯಾನೆಲ್ 107 ಕೋಟಿಯನ್ನೂ ತೋರಿಸಬಲ್ಲದು. ಎಸ್‌ಆರ್‌ಜಿಬಿ ಕೆಲಸಕ್ಕೆ ನಿಜವಾದ 8 ಬಿಟ್ ಸಾಕಾಗುತ್ತದೆ. ಕ್ಯಾಲಿಬ್ರೇಷನ್ ಫಲವನ್ನು ಮಾನಿಟರಿನ ಒಳಗೇ ಉಳಿಸಿಕೊಳ್ಳುವ ಸೌಲಭ್ಯವಿರುವ ಮಾದರಿಗಳಲ್ಲಿ ಬೂದು ಪಟ್ಟಿ ಗೆರೆಗೆರೆಯಾಗಿ ಒಡೆಯುವುದು ಕಡಿಮೆ, ಕಂಪ್ಯೂಟರ್ ಬದಲಿಸಿದರೂ ಹೊಂದಾಣಿಕೆ ಉಳಿಯುತ್ತದೆ. ಹಣ ಅನುಮತಿಸಿದರೆ ನಾನು ಮೊದಲು ಕೇಳುವುದು ಇದನ್ನೇ. 144 ಹರ್ಟ್ಸ್ ವೇಗ, ಬಾಗಿದ ಪರದೆ, ಎಚ್‌ಡಿಆರ್ ಮುದ್ರೆ ಇವುಗಳಿಂದ ಸ್ಥಿರಚಿತ್ರಕ್ಕೆ ಲಾಭವಿಲ್ಲ.

ವಿವರಪಟ್ಟಿಯಲ್ಲಿ ಸಿಗದ ಒಂದು ಸಂಗತಿಯನ್ನು ಕೇಳಿ ತಿಳಿಯಲೇಬೇಕು: ಎಸ್‌ಆರ್‌ಜಿಬಿ ವಿಧಾನದಲ್ಲಿ ಬ್ರೈಟ್‌ನೆಸ್ ಬದಲಿಸಲು ಬರುತ್ತದೆಯೇ? ಹಲವು ಮಾನಿಟರ್‌ಗಳು ಆ ವಿಧಾನದಲ್ಲಿ ಹೊಳಪನ್ನು ಒಂದೇ ಮಟ್ಟಕ್ಕೆ ಬೀಗ ಹಾಕಿಬಿಡುತ್ತವೆ. ಆ ಮಟ್ಟ 200 ನಿಟ್ ಆಗಿದ್ದರೆ, ನಾವು ಯಾವ ದೋಷದಿಂದ ಪಾರಾಗಲು ಹೊರಟಿದ್ದೆವೋ ಅದರೊಳಗೇ ಮರಳಿ ಬಿದ್ದಂತೆ. ಪೆಟ್ಟಿಗೆಯಲ್ಲಿ ಬರುವ 'ಡೆಲ್ಟಾ ಇ 2ಕ್ಕಿಂತ ಕಡಿಮೆ' (ಡೆಲ್ಟಾ ಇ ಎಂದರೆ ಬಣ್ಣ ಎಷ್ಟು ತಪ್ಪಿದೆ ಎಂಬ ಲೆಕ್ಕ) ಎಂಬ ಕಾರ್ಖಾನೆಯ ವರದಿಯೂ ಯಾವ ವಿಧಾನದಲ್ಲಿ ಅಳೆದದ್ದೆಂದು ಓದಿ. ವಿಧಾನ ಬದಲಿಸಿದರೆ ಆ ಭರವಸೆ ಉಳಿಯುವುದಿಲ್ಲ.

ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಂಪ್ಯೂಟರ್ ಮಾರುಕಟ್ಟೆಯಲ್ಲಿ ಕೊಳ್ಳುವವರು ಪರೀಕ್ಷಾ ಫೈಲನ್ನು ಪೆನ್‌ಡ್ರೈವ್‌ನಲ್ಲಿ, ಪ್ರಿಂಟನ್ನು ಲಕೋಟೆಯಲ್ಲಿ ಒಯ್ಯಿರಿ. ಅಂಗಡಿಯ ಬೆಳಕಿನಲ್ಲಿ ಬಣ್ಣ ಹೋಲಿಸುವುದು ವ್ಯರ್ಥ, ಆದರೆ ಗಾಢ ಚೌಕಗಳು, ಬೂದು ಪಟ್ಟಿ, ಪಕ್ಕದಿಂದ ನೋಡಿದಾಗಿನ ಬದಲಾವಣೆ, ಎಸ್‌ಆರ್‌ಜಿಬಿ ವಿಧಾನದ ಬೀಗ ಇವನ್ನು ಅಲ್ಲೇ ನೋಡಬಹುದು. ಪ್ರದರ್ಶನಕ್ಕಿಟ್ಟ ಮಾನಿಟರ್ ಚೆನ್ನಾಗಿದ್ದರೂ ಅದೇ ಮಾದರಿಯ ಇನ್ನೊಂದು ಪೆಟ್ಟಿಗೆಯಲ್ಲಿ ಮೂಲೆ ಹಳದಿಯಾಗಿರಬಹುದು, ಆದ್ದರಿಂದ ನೀವು ಕೊಂಡೊಯ್ಯುವ ಪೆಟ್ಟಿಗೆಯನ್ನೇ ತೆರೆಸಿ.

ಆನ್‌ಲೈನ್‌ನಲ್ಲಿ ಕೊಂಡವರು ಹಿಂದಿರುಗಿಸುವ ಅವಧಿ ಎಷ್ಟು ದಿನವೆಂದು ನೋಡಿಕೊಂಡು, ಮೊದಲ ಸಂಜೆಯೇ ಮಾನಿಟರನ್ನು ಒಂದು ಗಂಟೆ ಬಿಸಿಮಾಡಿ. ಪರದೆಯ ತುಂಬ 118ರ ಬೂದನ್ನು ಹರಡಿ ನಾಲ್ಕು ಮೂಲೆಗಳನ್ನೂ, ಕೋಣೆ ಕತ್ತಲು ಮಾಡಿ ಅಪ್ಪಟ ಕಪ್ಪಿನಲ್ಲಿ ಅಂಚಿನಿಂದ ಸೋರುವ ಬೆಳಕನ್ನೂ, ಬಿಳಿ, ಕೆಂಪು, ಹಸಿರು, ನೀಲಿಗಳಲ್ಲಿ ಸತ್ತ ಬಿಂದುಗಳನ್ನೂ ನೋಡಿ. ಆಮೇಲೆ ಹೊಳಪನ್ನು ಬಿಳಿ ಹಾಳೆಗೆ ಸರಿಹೊಂದಿಸಿ, ಹಳೆಯ ಪ್ರಿಂಟನ್ನು ಕಿಟಕಿಯ ಬೆಳಕಿನಲ್ಲಿ ಪಕ್ಕಕ್ಕೆ ಹಿಡಿಯಿರಿ. ಆ ಹಳೆಯ ಆಲ್ಬಮ್‌ನ ಫೈಲನ್ನು ನಾನು ಹೊಳಪು ಇಳಿಸಿದ ಹಳೆಯ ಮಾನಿಟರಿನಲ್ಲೇ ಮತ್ತೆ ತಿದ್ದಿ ಒಂದು ಹಾಳೆ ಮುದ್ರಿಸಿ ತಂದಾಗ, ಮಂಟಪದ ಕಂಬದ ಪಕ್ಕದಲ್ಲಿ ಸೋದರಮಾವನ ಕಣ್ಣು ತುಂಬಿಕೊಂಡಿದ್ದದ್ದು ಮೊದಲ ಸಲ ಕಾಗದದ ಮೇಲೆ ಕಂಡಿತು. ಆ ಹಾಳೆಗೆ ಹೊಸದಾಗಿ ಕಟ್ಟು ಹಾಕಿಸಿ ಮದುವೆಯ ಮನೆಯವರಿಗೆ ಕೊಟ್ಟೆ.